ಏಳನೆಯ ಕ್ರಮಾಂಕದ ಲೆಕ್ಕ: ದ್ರಾವಿಡ್ ಕೈಗವಸು ತೊಟ್ಟ ಪ್ರಕರಣ

2002ರ ಜುಲೈ 13ರಂದು ಲಾರ್ಡ್ಸ್‌ನಲ್ಲಿ ನಡೆದ ನಾಟ್‌ವೆಸ್ಟ್ ಸರಣಿಯ ಫೈನಲ್ ಎಂದರೆ ನಮ್ಮಲ್ಲಿ ಹೆಚ್ಚಿನವರ ಕಣ್ಣಿಗೆ ಕಟ್ಟುವುದು ಬಾಲ್ಕನಿಯಲ್ಲಿ ಅಂಗಿ ಬಿಚ್ಚಿ ಬೀಸಿದ ಸೌರವ್ ಗಂಗೂಲಿ. ಆ ಪಂದ್ಯದ ಸ್ಕೋರ್ ಪಟ್ಟಿಯನ್ನು ನಿಧಾನವಾಗಿ ಓದಿದವರು ಕಡಿಮೆ. ಇಂಗ್ಲೆಂಡ್ 325 ರನ್ ಪೇರಿಸಿತ್ತು. ಬೆನ್ನಟ್ಟಿ ಹೊರಟ ಭಾರತ 146 ರನ್ ಆಗುವಷ್ಟರಲ್ಲಿ ಐದು ವಿಕೆಟ್ ಕಳೆದುಕೊಂಡಿತು. ಸಚಿನ್ ತೆಂಡೂಲ್ಕರ್ ಔಟಾದ ಕೂಡಲೇ ಟಿ.ವಿ. ಆರಿಸಿ ಮಲಗಲು ಹೋದ ಮನೆಗಳಿಗೆ ಲೆಕ್ಕವಿಲ್ಲ. ಆಮೇಲೆ ಯುವರಾಜ್ ಸಿಂಗ್ 69, ಮೊಹಮ್ಮದ್ ಕೈಫ್ ಅಜೇಯ 87. ಮೂರು ಎಸೆತ ಉಳಿದಿರುವಾಗ ಗೆಲುವು.

ಕೈಫ್ ಅಂದು ಬ್ಯಾಟ್ ಹಿಡಿದು ಬಂದದ್ದು ಏಳನೆಯವರಾಗಿ. ಏಕದಿನ ಕ್ರಿಕೆಟ್‌ನಲ್ಲಿ ಭಾರತದ ಏಳನೆಯ ಕ್ರಮಾಂಕ ಬಹುಕಾಲ ವಿಕೆಟ್ ಕೀಪರ್‌ನ ಜಾಗ. ಹತ್ತು-ಹದಿನೈದು ರನ್ ಗಳಿಸಿದರೆ ಸಂತೋಷ, ಗಳಿಸದಿದ್ದರೆ ಬೇಸರವಿಲ್ಲ ಎಂಬಂಥ ಜಾಗ. ಅಲ್ಲಿ ಪೂರ್ಣಪ್ರಮಾಣದ ಬ್ಯಾಟ್ಸ್‌ಮನ್ ಒಬ್ಬ ಬಂದು ನಿಂತಿದ್ದ. ಹಾಗಾದರೆ ಕೀಪರ್ ಎಲ್ಲಿ? ಅವನು ಅಷ್ಟರಲ್ಲಾಗಲೇ ಐದನೆಯವನಾಗಿ ಬಂದು, 5 ರನ್ ಗಳಿಸಿ, ಪೆವಿಲಿಯನ್ ಸೇರಿದ್ದ. ಹೆಸರು ರಾಹುಲ್ ದ್ರಾವಿಡ್.

ಆ ಪಂದ್ಯದ ನೆನಪಿನ ಪುಟಗಳಲ್ಲಿ ದ್ರಾವಿಡ್‌ಗೆ ಒಂದು ಸಾಲೂ ಸಿಗುವುದಿಲ್ಲ. ಆದರೆ ಕೈಫ್ ಆಡಿದ ಆ ಇನಿಂಗ್ಸ್‌ಗೆ ತಂಡದಲ್ಲಿ ಜಾಗ ಮಾಡಿಕೊಟ್ಟದ್ದು ದ್ರಾವಿಡ್ ಒಪ್ಪಿಕೊಂಡಿದ್ದ ಒಂದು ಹೊಸ ಕೆಲಸ, ವಿಕೆಟ್ ಕೀಪಿಂಗ್. ಅವರು ಬಯಸಿದ್ದಲ್ಲ, ಅದರಲ್ಲಿ ಅವರು ಜಗತ್ತಿನ ಅತ್ಯುತ್ತಮರಾಗುವ ಸಂಭವವೂ ಇರಲಿಲ್ಲ. ವೃತ್ತಿಬದುಕು ಅನಿರೀಕ್ಷಿತವಾಗಿ ತಿರುಗಿದಾಗ ‘ಅಪ್ಪಿಕೊಳ್ಳಿ’ ಎಂದು ಹೇಳುವ ಸಲಹೆಗಾರರು ಈಗ ಮೂಲೆಗೊಬ್ಬರು ಸಿಗುತ್ತಾರೆ. ಅಪ್ಪಿಕೊಳ್ಳುವುದು ಎಂದರೆ ನಿಜಕ್ಕೂ ಏನು, ಯಾವ ಷರತ್ತಿನ ಮೇಲೆ, ಯಾರ ಖರ್ಚಿನಲ್ಲಿ ಎಂದು ಕೇಳುವುದಾದರೆ 2002ರಿಂದ 2004ರವರೆಗಿನ ದ್ರಾವಿಡ್ ಪ್ರಕರಣ ಒಳ್ಳೆಯ ಕಡತ. ಅಂಕಿ-ಅಂಶ ಎಲ್ಲವೂ ಬಹಿರಂಗ, ಫಲಿತಾಂಶ ಎಲ್ಲರ ಕಣ್ಣೆದುರು.

ಮೊದಲು ಖಾಲಿ ಹುದ್ದೆಯ ವಿಚಾರ. ತೊಂಬತ್ತರ ದಶಕದ ಬಹುಪಾಲು ನಯನ್ ಮೋಂಗಿಯಾ ಭಾರತದ ಕೀಪರ್. ಅವರ ಕಾಲ ಮುಗಿಯುತ್ತ ಬಂದಂತೆ ಆಯ್ಕೆ ಸಮಿತಿಗೆ ನೆಲೆಯೇ ಸಿಗಲಿಲ್ಲ. ಸಬಾ ಕರೀಂ ಬಂದರು. 2000ರ ಏಷ್ಯಾ ಕಪ್‌ನಲ್ಲಿ ಅನಿಲ್ ಕುಂಬ್ಳೆ ಎಸೆದ ಚೆಂಡು ಕಣ್ಣಿಗೆ ಬಡಿದು ಅವರ ಆಟದ ಬದುಕು ಮೊಟಕಾಯಿತು. ವಿಜಯ್ ದಹಿಯಾ, ಸಮೀರ್ ದಿಘೆ, ದೀಪ್ ದಾಸ್‌ಗುಪ್ತಾ, ಅಜಯ್ ರಾತ್ರಾ ಒಬ್ಬರ ಹಿಂದೊಬ್ಬರು ಬಂದರು, ಹೋದರು. ಅದೇ ಹೊತ್ತಿನಲ್ಲಿ ಆಸ್ಟ್ರೇಲಿಯಾದ ಆಡಂ ಗಿಲ್‌ಕ್ರಿಸ್ಟ್ ಕೀಪರ್ ಎಂಬ ಹುದ್ದೆಯ ಸ್ವರೂಪವನ್ನೇ ಬದಲಿಸುತ್ತಿದ್ದರು. ಕೀಪಿಂಗ್ ಮಾಡುವವನೇ ಇನಿಂಗ್ಸ್ ಆರಂಭಿಸಿ ಎದುರಾಳಿಯ ಹುಟ್ಟಡಗಿಸಿದರೆ, ಹನ್ನೊಂದು ಜನರ ತಂಡದಲ್ಲಿ ಹನ್ನೆರಡನೆಯವನು ಸಿಕ್ಕ ಹಾಗೆ. ನಮ್ಮಲ್ಲಿ ಅಂಥವರು ಇರಲಿಲ್ಲ. ಇದ್ದದ್ದು ಯುವರಾಜ್, ಕೈಫ್, ಸೆಹ್ವಾಗ್‌ರಂಥ ಹೊಸ ಬ್ಯಾಟ್ಸ್‌ಮನ್‌ಗಳ ದಂಡು ಮತ್ತು ಆಡುವ ಹನ್ನೊಂದರಲ್ಲಿ ಜಾಗದ ಅಭಾವ.

ನಾಯಕ ಗಂಗೂಲಿ ಮತ್ತು ಕೋಚ್ ಜಾನ್ ರೈಟ್ ಅವರ ಮುಂದಿದ್ದ ಗಣಿತ ಸರಳವಾಗಿತ್ತು. ಏಳು ಬ್ಯಾಟ್ಸ್‌ಮನ್, ನಾಲ್ವರು ಬೌಲರ್. ಐದನೆಯ ಬೌಲರ್‌ನ ಹತ್ತು ಓವರ್‌ಗಳನ್ನು ಬ್ಯಾಟ್ಸ್‌ಮನ್‌ಗಳೇ ಹಂಚಿಕೊಳ್ಳಬೇಕು. ಕೂಡಿಸಿದರೆ ಹನ್ನೊಂದಾಯಿತು. ಕೀಪರ್‌ಗೆ ಜಾಗವಿಲ್ಲ. ಆದ್ದರಿಂದ ಏಳು ಜನರಲ್ಲಿ ಒಬ್ಬ ಕೀಪರ್ ಆಗಲೇಬೇಕು. ಯಾರು?

ಬೊಟ್ಟು ದ್ರಾವಿಡ್ ಕಡೆಗೇ ತಿರುಗಲು ಎರಡು ಕಾರಣಗಳಿದ್ದವು. ಒಂದು, ಹಳೆಯದು. ಕರ್ನಾಟಕದ ಕಿರಿಯರ ತಂಡಗಳಲ್ಲಿ ಆಡುತ್ತಿದ್ದ ಕಾಲದಲ್ಲಿ ಅವರು ಕೀಪರ್ ಆಗಿದ್ದವರು. ಜಿ.ಆರ್. ವಿಶ್ವನಾಥ್, ರೋಜರ್ ಬಿನ್ನಿ, ಬ್ರಿಜೇಶ್ ಪಟೇಲ್, ಕೋಚ್ ಕೇಕಿ ತಾರಾಪೋರ್ ಮೊದಲಾದ ಹಿರಿಯರು ‘ಬ್ಯಾಟಿಂಗ್ ಮೇಲೆ ಗಮನ ಕೊಡು’ ಎಂದ ಮೇಲೆ ಕೈಗವಸು ಬದಿಗಿಟ್ಟರು. ಸೈಯದ್ ಕಿರ್ಮಾನಿ, ಸದಾನಂದ ವಿಶ್ವನಾಥ್ ಅವರಂಥ ಕೀಪರ್‌ಗಳನ್ನು ದೇಶಕ್ಕೆ ಕೊಟ್ಟ ರಾಜ್ಯದಲ್ಲಿ ಒಬ್ಬ ಹುಡುಗ ಕೀಪಿಂಗ್ ಬಿಟ್ಟದ್ದು ದೊಡ್ಡ ಸುದ್ದಿಯೇನೂ ಆಗಲಿಲ್ಲ. ಮುಂದೆ 1999ರ ವಿಶ್ವಕಪ್‌ನಲ್ಲಿ ಮೋಂಗಿಯಾ ಆಡದಿದ್ದಾಗ, ಟಾಂಟನ್‌ನಲ್ಲಿ ಶ್ರೀಲಂಕಾ ವಿರುದ್ಧ, ಅದೇ ಹಳೆಯ ಪರಿಚಯ ಉಪಯೋಗಕ್ಕೆ ಬಂತು. ದ್ರಾವಿಡ್ ಅಂದು ಮೊದಲು 145 ರನ್ ಗಳಿಸಿದರು. ಗಂಗೂಲಿಯವರ 183ರೊಂದಿಗೆ 318 ರನ್‌ಗಳ ಜೊತೆಯಾಟ. ಆಮೇಲೆ ಗ್ಲೌಸ್ ಹಾಕಿಕೊಂಡು ಸ್ಟಂಪ್ ಹಿಂದೆ ನಿಂತರು. ಅದು ಒಂದು ದಿನದ ಹಂಗಾಮಿ ವ್ಯವಸ್ಥೆ. ಹಂಗಾಮಿ ಕೆಲಸವನ್ನು ಚೆನ್ನಾಗಿ ಮಾಡಿದವರಿಗೆ ಅದೇ ಕೆಲಸ ಮತ್ತೆ ಹುಡುಕಿಕೊಂಡು ಬರುತ್ತದೆ ಎಂಬುದು ನಮ್ಮ ಕಚೇರಿಗಳಲ್ಲಿ ದುಡಿದ ಎಲ್ಲರಿಗೂ ಗೊತ್ತು.

ಇನ್ನೊಂದು ಕಾರಣ ಸ್ವಲ್ಪ ಕಹಿ. ದ್ರಾವಿಡ್ ಏಕದಿನ ಪಂದ್ಯಗಳಲ್ಲಿ ಎಂದೂ ಪೂರ್ತಿ ಭದ್ರವಾಗಿರಲಿಲ್ಲ. 1996ರ ಏಪ್ರಿಲ್‌ನಲ್ಲಿ ಸಿಂಗಪುರದಲ್ಲಿ ಏಕದಿನಕ್ಕೆ ಪದಾರ್ಪಣೆ ಮಾಡಿದಾಗ ಗಳಿಸಿದ್ದು 3 ರನ್. ಎರಡೇ ತಿಂಗಳ ಬಳಿಕ ಲಾರ್ಡ್ಸ್‌ನ ಮೊದಲ ಟೆಸ್ಟ್‌ನಲ್ಲಿ 95. ಈ ಎರಡು ಅಂಕಿಗಳು ಮುಂದಿನ ಕೆಲವು ವರ್ಷಗಳ ಮುನ್ಸೂಚನೆಯ ಹಾಗಿದ್ದವು. ಟೆಸ್ಟ್‌ನಲ್ಲಿ ಮೂರನೆಯ ಕ್ರಮಾಂಕದ ಯಜಮಾನ, ಏಕದಿನದಲ್ಲಿ ‘ನಿಧಾನ’ ಎಂಬ ಹಣೆಪಟ್ಟಿ. 1998ರಲ್ಲಿ ಏಕದಿನ ತಂಡದಿಂದ ಹೊರಬಿದ್ದರು. ಮರಳಿ ಬಂದು 1999ರ ವಿಶ್ವಕಪ್‌ನಲ್ಲಿ 461 ರನ್ ಗಳಿಸಿ ಟೂರ್ನಿಯ ಅತ್ಯಧಿಕ ಸ್ಕೋರರ್ ಎನಿಸಿಕೊಂಡರೂ ಆ ಹಣೆಪಟ್ಟಿ ಪೂರ್ತಿ ಕಳಚಲಿಲ್ಲ. 2002ರ ಹೊತ್ತಿಗೆ ಹಿಂದೆ ಹುಡುಗರ ಸಾಲು ನಿಂತಿತ್ತು. ಅವರು ಹೊಡೆಯುತ್ತಿದ್ದರು, ಓಡುತ್ತಿದ್ದರು, ಕವರ್ಸ್ ಮತ್ತು ಪಾಯಿಂಟ್‌ನಲ್ಲಿ ನೆಲಕ್ಕೆ ಬಿದ್ದು ಚೆಂಡು ತಡೆಯುತ್ತಿದ್ದರು.

ಹೀಗಾಗಿ ದ್ರಾವಿಡ್ ಗ್ಲೌಸ್ ತೊಟ್ಟದ್ದನ್ನು ಶುದ್ಧ ತ್ಯಾಗ ಎಂದು ಬಣ್ಣಿಸುವುದನ್ನು ನಾನು ಒಪ್ಪುವುದಿಲ್ಲ. ‘ತಂಡಕ್ಕಾಗಿ ಏನು ಬೇಕಾದರೂ ಮಾಡುವವರು’ ಎಂಬ ಹೊಗಳಿಕೆ ಅವರ ಬಗ್ಗೆ ಎಷ್ಟು ಸಲ ಬಂದಿದೆಯೆಂದರೆ, ಅದರೊಳಗಿನ ವ್ಯವಹಾರ ಕಾಣದ ಹಾಗೆ ಮುಚ್ಚಿಹೋಗಿದೆ. ಅದು ಕೊಡು-ಕೊಳ್ಳುವಿಕೆ. ತಂಡಕ್ಕೆ ಏಳನೆಯ ಬ್ಯಾಟ್ಸ್‌ಮನ್ ಸಿಕ್ಕಿದ; ದ್ರಾವಿಡ್‌ಗೆ ಏಕದಿನ ತಂಡದಲ್ಲಿ ಯಾರೂ ಅಲುಗಾಡಿಸಲಾಗದ ಜಾಗ ಸಿಕ್ಕಿತು. ಇದನ್ನು ಹೇಳಿದರೆ ಅವರ ದೊಡ್ಡತನಕ್ಕೆ ಕುಂದಾಗುತ್ತದೆ ಎಂದು ಕೆಲವರು ಮುನಿಸಿಕೊಳ್ಳಬಹುದು. ನನಗೆ ಇದು ಹೆಚ್ಚು ಗೌರವದ ಮಾತಾಗಿ ಕಾಣುತ್ತದೆ. ತನ್ನ ಸ್ಥಿತಿಯನ್ನು ಕಣ್ಣುಬಿಟ್ಟು ನೋಡಿ, ಇರುವ ಆಯ್ಕೆಗಳಲ್ಲಿ ತನಗೂ ತಂಡಕ್ಕೂ ಒಟ್ಟಿಗೆ ಒದಗುವ ಒಂದನ್ನು ಆರಿಸಿಕೊಂಡ ಮನುಷ್ಯ ಅವರು.

ಆ ಆಯ್ಕೆ ಅಗ್ಗದ್ದಾಗಿರಲಿಲ್ಲ. ಕೀಪಿಂಗ್ ಎಂದರೇನು ಎಂಬುದು ಟಿ.ವಿ.ಯಲ್ಲಿ ತಿಳಿಯುವುದಿಲ್ಲ; ಕ್ಯಾಮೆರಾ ಬೌಲರ್‌ನನ್ನೂ ಬ್ಯಾಟ್ಸ್‌ಮನ್‌ನನ್ನೂ ಹಿಂಬಾಲಿಸುತ್ತದೆ. ಐವತ್ತು ಓವರ್ ಎಂದರೆ ವೈಡ್, ನೋಬಾಲ್ ಬಿಟ್ಟು 300 ಎಸೆತ. ಪ್ರತಿ ಎಸೆತಕ್ಕೂ ಕುಕ್ಕರಗಾಲಿನಲ್ಲಿ ಕೂರಬೇಕು, ಚೆಂಡು ಪುಟಿಯುವ ಹೊತ್ತಿಗೆ ಏಳಬೇಕು. ಬೇಗ ಎದ್ದರೆ ಕೆಳಗಿನಿಂದ ನುಸುಳುತ್ತದೆ, ತಡವಾದರೆ ಎದೆಗೆ ಬರುತ್ತದೆ. ಹೊರಗಿನ ಗ್ಲೌಸ್ ಒಳಗೆ ಮತ್ತೊಂದು ಜೊತೆ ತೆಳು ಗವಸು. ಒಂದು ಗಂಟೆ ಕಳೆಯುವಷ್ಟರಲ್ಲಿ ಅದು ಬೆವರಿನಿಂದ ತೊಯ್ದು ಬೆರಳುಗಳಿಗೆ ಅಂಟುತ್ತದೆ. ಬ್ಯಾಟ್ಸ್‌ಮನ್ ಮುಟ್ಟದ ಎಸೆತಗಳೆಲ್ಲ ಕೈಗೇ ಬರುತ್ತವೆ, ಮುಟ್ಟಿ ಓಡಿದ ಎಸೆತಗಳಿಗೆ ಸ್ಟಂಪ್ ಬಳಿಗೆ ಓಡಬೇಕು. ಫೀಲ್ಡರ್ ಗುರಿ ತಪ್ಪಿ ಎಸೆದರೆ ಬೈಗುಳ ಕೇಳುವವನೂ ಕೀಪರ್.

ಇದರ ಮೇಲೆ ಕುಂಬ್ಳೆ. ಲೆಗ್‌ಸ್ಪಿನ್ ಎಂಬ ಹೆಸರಿನಲ್ಲಿ ಮಧ್ಯಮ ವೇಗದ ಬೌಲರ್‌ನಂತೆ ಎಸೆಯುವ, ನೆಲ ಮುಟ್ಟಿ ಹಾರುವ ಎಸೆತಗಳಿಗೆ ಸ್ಟಂಪ್‌ಗೆ ಅಂಟಿಕೊಂಡು ನಿಲ್ಲಬೇಕು. ಬ್ಯಾಟ್ಸ್‌ಮನ್‌ನ ದೇಹ ಅಡ್ಡ. ಚೆಂಡು ಕಣ್ಣಿಗೆ ಬೀಳುವುದು ಕೊನೆಯ ಕ್ಷಣದಲ್ಲಿ. ಸಬಾ ಕರೀಂಗೆ ಏನಾಯಿತು ಎಂಬುದು ಇನ್ನೂ ಹಸಿ ನೆನಪು. ಇನ್ನೊಂದು ತುದಿಯಿಂದ ಹರ್ಭಜನ್ ಸಿಂಗ್. ಅವರ ಚೆಂಡು ಅದೇ ಜಾಗದಲ್ಲಿ ಬಿದ್ದು ಎದೆಮಟ್ಟಕ್ಕೆ ಏಳುತ್ತಿತ್ತು. ಬ್ಯಾಟ್ಸ್‌ಮನ್‌ನ ಬಂಡವಾಳ ಅವನ ಬೆರಳುಗಳು. ಒಂದು ಬೆರಳು ಮುರಿದರೆ ಟೆಸ್ಟ್ ಸರಣಿಯೇ ಹೋಯಿತು. ದ್ರಾವಿಡ್ ಅವರ ನಿಜವಾದ ಆಸ್ತಿ ಟೆಸ್ಟ್ ಬ್ಯಾಟಿಂಗ್ ಎಂಬುದನ್ನು ನೆನೆದರೆ, ಅವರು ಪಣಕ್ಕಿಟ್ಟದ್ದು ಎಷ್ಟು ಎಂಬುದು ಅರ್ಥವಾಗುತ್ತದೆ. ಅಷ್ಟೆಲ್ಲ ಮುಗಿಸಿ ಐದನೆಯವರಾಗಿ ಬ್ಯಾಟ್ ಮಾಡಬೇಕು. ಮದುವೆ ಮನೆಯಲ್ಲಿ ಅಡುಗೆ ಭಟ್ಟನಿಗೇ ಬಡಿಸುವ ಕೆಲಸವನ್ನೂ ಹಚ್ಚಿ, ಸಾರಿಗೆ ಉಪ್ಪು ಕಡಿಮೆಯಾದರೆ ಅವನನ್ನೇ ಹಿಡಿದು ಕೇಳಿದ ಹಾಗೆ.

ಅವರು ಕಿರ್ಮಾನಿಯ ದರ್ಜೆಯ ಕೀಪರ್ ಆಗಲಿಲ್ಲ. 1983ರ ವಿಶ್ವಕಪ್‌ನಲ್ಲಿ ಅತ್ಯುತ್ತಮ ಕೀಪರ್ ಗೌರವ ಪಡೆದ ಕಿರ್ಮಾನಿಯವರ ಕೈಗೆ ಚೆಂಡು ಸದ್ದಿಲ್ಲದೆ ಬಂದು ಕೂರುತ್ತಿತ್ತು ಎಂದು ಹಳಬರು ಹೇಳುತ್ತಾರೆ. ದ್ರಾವಿಡ್ ಕೈಯಲ್ಲಿ ಅದು ಕೂರುತ್ತಿರಲಿಲ್ಲ, ನಿಲ್ಲುತ್ತಿತ್ತು ಅಷ್ಟೆ. ಕಾಲಿನ ಬದಿಯ ಎಸೆತಗಳಿಗೆ ತಡವಾಗುತ್ತಿದ್ದುದೂ ಉಂಟು. ಅವರ ಗುರಿ ಶ್ರೇಷ್ಠತೆಯಾಗಿರಲಿಲ್ಲ. ತಂಡದ ಲೆಕ್ಕ ತಪ್ಪದಷ್ಟು ಅಚ್ಚುಕಟ್ಟಾಗಿ ಮಾಡುವುದಾಗಿತ್ತು. ಬ್ಯಾಟಿಂಗ್‌ನಲ್ಲಿ ಒಂದು ಕವರ್ ಡ್ರೈವ್ ತಪ್ಪಿದರೂ ರಾತ್ರಿ ನಿದ್ದೆಗೆಡುವ ಸ್ವಭಾವದವರೆಂದು ಹೆಸರಾದವರಿಗೆ ‘ಸಾಕಷ್ಟು ಚೆನ್ನಾಗಿ’ ಎಂಬ ಮಟ್ಟಕ್ಕೆ ಒಗ್ಗಿಕೊಳ್ಳುವುದೇ ಕೈಗವಸಿಗಿಂತ ದೊಡ್ಡ ಅಭ್ಯಾಸವಾಗಿರಬೇಕು ಎಂಬುದು ನನ್ನ ಊಹೆ. ಹೊಸ ಕೆಲಸಕ್ಕೆ ಬಿದ್ದ ನಿಪುಣರು ಹೆಚ್ಚಾಗಿ ಎಡವುವುದು ಇಲ್ಲೇ. ಹಳೆಯ ಕೆಲಸದ ಅಳತೆಗೋಲನ್ನೇ ಹೊಸದಕ್ಕೂ ಹಿಡಿದು, ಆರು ತಿಂಗಳಲ್ಲಿ ಸೋತು ಸುಣ್ಣವಾಗುತ್ತಾರೆ.

ಫಲ? ಒಂದು ಲೆಕ್ಕ ಹೇಳಿದರೆ ಸಾಕು. ಕೀಪರ್ ಆಗಿ ಆಡಿದ 73 ಏಕದಿನ ಪಂದ್ಯಗಳಲ್ಲಿ ದ್ರಾವಿಡ್ 44ಕ್ಕಿಂತ ಹೆಚ್ಚಿನ ಸರಾಸರಿಯಲ್ಲಿ 2300 ರನ್ ಗಳಿಸಿದರು. 344 ಪಂದ್ಯಗಳ ಅವರ ಒಟ್ಟು ಏಕದಿನ ಸರಾಸರಿ 39ರ ಆಸುಪಾಸು. ಎರಡು ಕೆಲಸ ಮಾಡುವಾಗ ಮೊದಲಿನ ಕೆಲಸ ಕೆಡುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ, ಇಲ್ಲಿ ತಿರುಗುಮುರುಗಾಯಿತು. ಯಾಕೆ ಎಂಬುದಕ್ಕೆ ನನಗೆ ತೋಚುವ ಉತ್ತರ ಎರಡು. ಐವತ್ತು ಓವರ್ ಸ್ಟಂಪ್ ಹಿಂದೆ ಕೂತವನಿಗೆ ಪಿಚ್ ಹೇಗೆ ವರ್ತಿಸುತ್ತದೆ ಎಂಬುದು ಉಳಿದ ಹತ್ತು ಜನರಿಗಿಂತ ಚೆನ್ನಾಗಿ ಗೊತ್ತಿರುತ್ತದೆ. ಇನ್ನೊಂದು, ನಾಳೆಯ ತಂಡದಲ್ಲಿ ನನ್ನ ಹೆಸರಿರುತ್ತದೆಯೇ ಎಂಬ ಚಿಂತೆ ಹೋಯಿತು. ಮಧ್ಯಮ ಕ್ರಮಾಂಕದಲ್ಲಿ ಕೊನೆಯ ಓವರ್‌ಗಳಿಗೆ ಬರುವ ಹೊಸ ಪಾತ್ರವೂ ಅವರ ಆಟವನ್ನು ಸಡಿಲಿಸಿತು. 2003ರ ನವೆಂಬರ್‌ನಲ್ಲಿ ಹೈದರಾಬಾದ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 22 ಎಸೆತಗಳಲ್ಲಿ ಅರ್ಧಶತಕ ಬಾರಿಸಿದವರು ‘ನಿಧಾನ’ ಎಂಬ ಹಣೆಪಟ್ಟಿ ಹೊತ್ತಿದ್ದ ಇದೇ ದ್ರಾವಿಡ್.

ಈ ಏರ್ಪಾಟಿನ ನಿಜವಾದ ಪರೀಕ್ಷೆ ದಕ್ಷಿಣ ಆಫ್ರಿಕಾದಲ್ಲಿ ನಡೆದ 2003ರ ವಿಶ್ವಕಪ್. ಉಪನಾಯಕನಾಗಿದ್ದ ದ್ರಾವಿಡ್ ಹನ್ನೊಂದೂ ಪಂದ್ಯಗಳಲ್ಲಿ ಕೀಪಿಂಗ್ ಮಾಡಿದರು, 318 ರನ್ ಗಳಿಸಿದರು, 16 ಮಂದಿಯನ್ನು ಔಟ್ ಮಾಡುವಲ್ಲಿ ಕೈಜೋಡಿಸಿದರು. ಮಾರ್ಚ್ 1ರಂದು ಸೆಂಚುರಿಯನ್‌ನಲ್ಲಿ ಪಾಕಿಸ್ತಾನದ ವಿರುದ್ಧ ಸಚಿನ್ ಗಳಿಸಿದ 98 ಎಲ್ಲರಿಗೂ ನೆನಪು. ಸಚಿನ್ ಔಟಾದ ಮೇಲೆ ಕೆಲಸ ಮುಗಿಸಿಕೊಟ್ಟವರು ಅಜೇಯ 44 ಗಳಿಸಿದ ದ್ರಾವಿಡ್ ಮತ್ತು ಅಜೇಯ 50 ಗಳಿಸಿದ ಯುವರಾಜ್. ಎರಡು ವಾರಗಳ ಬಳಿಕ ಅದೇ ಮೈದಾನದಲ್ಲಿ ನ್ಯೂಜಿಲೆಂಡ್ ವಿರುದ್ಧ 21 ರನ್ನಿಗೆ ಮೂರು ವಿಕೆಟ್ ಬಿದ್ದಾಗ, ಕೈಫ್ ಮತ್ತು ದ್ರಾವಿಡ್ ಮುರಿಯದ 129 ರನ್ ಸೇರಿಸಿ ಗೆಲ್ಲಿಸಿದರು. ಏಳನೆಯ ಬ್ಯಾಟ್ಸ್‌ಮನ್‌ಗಾಗಿ ಮಾಡಿದ ಏರ್ಪಾಟಿನ ಇಬ್ಬರು ಪಾತ್ರಧಾರಿಗಳು ಹೀಗೆ ಒಟ್ಟಿಗೆ ನಿಂತರು. ಫೈನಲ್‌ನಲ್ಲಿ ಆಸ್ಟ್ರೇಲಿಯಾ ಎರಡೇ ವಿಕೆಟ್‌ಗೆ 359 ರನ್ ಬಾರಿಸಿದ ಮೇಲೆ ಕೀಪರ್ ಯಾರಾದರೂ ಒಂದೇ ಆಗಿತ್ತು. ಆ ಸೋಲನ್ನು ಈ ಪ್ರಕರಣದ ಖಾತೆಗೆ ಹಾಕುವುದು ಅನ್ಯಾಯ.

ಇಷ್ಟೇ ಆಗಿದ್ದರೆ ಇದು ಇನ್ನೊಂದು ಸ್ಫೂರ್ತಿ ಕಥೆಯಾಗಿ ಮುಗಿಯುತ್ತಿತ್ತು. ನನ್ನ ಗಮನ ಸೆಳೆಯುವುದು ಅವರು ಏನನ್ನು ಒಪ್ಪಿಕೊಳ್ಳಲಿಲ್ಲ ಎಂಬುದು. ಟೆಸ್ಟ್ ಪಂದ್ಯಗಳಲ್ಲಿ ದ್ರಾವಿಡ್ ಕೀಪರ್ ಆಗಲಿಲ್ಲ. ಅಲ್ಲಿ ಅವರ ಜಾಗ ಸ್ಲಿಪ್‌ನಲ್ಲಿ, ಬ್ಯಾಟಿಂಗ್ ಮೂರನೆಯ ಕ್ರಮಾಂಕದಲ್ಲಿ. ಐವತ್ತು ಓವರ್ ಬೇರೆ, ಎರಡು ದಿನ ಸ್ಟಂಪ್ ಹಿಂದೆ ಕೂತು ಆಮೇಲೆ ಹೊಸ ಚೆಂಡನ್ನು ಎದುರಿಸುವುದು ಬೇರೆ. ಆ ಗೆರೆ ಸ್ಪಷ್ಟವಾಗಿತ್ತು. 2002ರ ಅದೇ ಬೇಸಿಗೆಯಲ್ಲಿ, ಲಾರ್ಡ್ಸ್ ಫೈನಲ್ ಮುಗಿದ ಬಳಿಕ, ಗೆರೆಯ ಈಚೆ ಬದಿಯಲ್ಲಿ ಏನಾಯಿತು ನೋಡಿ: ಟ್ರೆಂಟ್‌ಬ್ರಿಜ್‌ನಲ್ಲಿ 115, ಹೆಡಿಂಗ್ಲಿಯಲ್ಲಿ 148, ಓವಲ್‌ನಲ್ಲಿ 217. ತವರಿಗೆ ಬಂದು ಮುಂಬೈನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಮತ್ತೊಂದು ಶತಕ. ಸತತ ನಾಲ್ಕು ಇನಿಂಗ್ಸ್‌ಗಳಲ್ಲಿ ನಾಲ್ಕು. ಈ ನಡುವೆ, ಓವಲ್ ಟೆಸ್ಟ್ ಮುಗಿದು ವಾರ ಕಳೆಯುವ ಮೊದಲೇ ಕೊಲಂಬೊದಲ್ಲಿ ಚಾಂಪಿಯನ್ಸ್ ಟ್ರೋಫಿಗಾಗಿ ಮತ್ತೆ ಗ್ಲೌಸ್. ಅಲ್ಲಿ ಜಿಂಬಾಬ್ವೆ ವಿರುದ್ಧ 87 ರನ್ನಿಗೆ ಐದು ವಿಕೆಟ್ ಬಿದ್ದಿತ್ತು. ದ್ರಾವಿಡ್ 71, ಕೈಫ್ ಅಜೇಯ 111. ಕೈಫ್ ಬಂದದ್ದು ಮತ್ತೆ ಏಳನೆಯವರಾಗಿ. ಏಕದಿನದ ಹೊರೆ ಟೆಸ್ಟ್‌ನ ಒಳಗೆ ಹರಿಯದಂತೆ ಕಟ್ಟಿದ್ದ ಆ ಒಡ್ಡು ಇಲ್ಲದಿದ್ದರೆ ಇದು ಸಾಧ್ಯವಾಗುತ್ತಿತ್ತೇ ಎಂಬ ಅನುಮಾನ ನನಗಿದೆ.

ಇದನ್ನು ಉದ್ಯೋಗದ ಮಾತಿಗೆ ತಂದರೆ, ಹೊಸ ಜವಾಬ್ದಾರಿ ಬಂದಾಗ ಹೆಚ್ಚಿನವರು ಕೇಳುವ ಪ್ರಶ್ನೆ ‘ಮಾಡಬಲ್ಲೆನೇ?’ ಎಂದು. ‘ಇದು ನನ್ನ ಯಾವ ಕೆಲಸವನ್ನು ತಿನ್ನಬಾರದು?’ ಎಂದು ಕೇಳುವವರು ಅಪರೂಪ. ಕೇಳಿದರೂ ಗೆರೆ ಎಳೆಯುವ ಅಧಿಕಾರ ಎಲ್ಲರಿಗೂ ಇರುವುದಿಲ್ಲ. ದ್ರಾವಿಡ್‌ಗೆ ಇತ್ತು, ಏಕೆಂದರೆ ಟೆಸ್ಟ್‌ನಲ್ಲಿ ಅವರಿಗೆ ಬದಲಿ ಇರಲಿಲ್ಲ. ಸಂಬಳ ಏರದೆ ಇಬ್ಬರ ಕೆಲಸ ಹೊತ್ತ ಗುಮಾಸ್ತರಿಗೆ ‘ದ್ರಾವಿಡ್‌ರಂತೆ ಹೊಂದಿಕೊಳ್ಳಿ’ ಎಂದು ಉಪದೇಶ ಮಾಡುವ ಮೇಲಧಿಕಾರಿ ಈ ವ್ಯತ್ಯಾಸವನ್ನು ಜಾಣತನದಿಂದ ಮರೆಯುತ್ತಾರೆ.

ಖರ್ಚಿನ ಮಾತೂ ಇದೆ. ಒಬ್ಬರ ಹೊಂದಾಣಿಕೆಗೆ ಇನ್ನೊಬ್ಬರು ಬೆಲೆ ತೆರುತ್ತಾರೆ. 2002ರ ಮೇ ತಿಂಗಳಲ್ಲಿ ಆಂಟಿಗಾ ಟೆಸ್ಟ್‌ನಲ್ಲಿ ಅಜಯ್ ರಾತ್ರಾ ಅಜೇಯ 115 ರನ್ ಗಳಿಸಿದ್ದರು. ಆ ಶತಕದ ಬೆನ್ನಿಗೇ ಬಂದ ಏಕದಿನ ಪಂದ್ಯಗಳಲ್ಲಿ ಗ್ಲೌಸ್ ದ್ರಾವಿಡ್ ಕೈ ಸೇರಿತು. ಟೆಸ್ಟ್‌ನಲ್ಲೂ ರಾತ್ರಾ ಅವರ ಲೆಕ್ಕ ಆರಕ್ಕೇ ನಿಂತಿತು. ಅದೇ ಆಗಸ್ಟ್‌ನಲ್ಲಿ ಹದಿನೇಳರ ಹುಡುಗ ಪಾರ್ಥಿವ್ ಪಟೇಲ್ ಟ್ರೆಂಟ್‌ಬ್ರಿಜ್‌ನಲ್ಲಿ ಟೆಸ್ಟ್‌ಗೆ ಕಾಲಿಟ್ಟರು. 2003ರ ವಿಶ್ವಕಪ್ ತಂಡದಲ್ಲೂ ಅವರ ಹೆಸರಿತ್ತು. ಒಂದು ಪಂದ್ಯವನ್ನೂ ಆಡಲಿಲ್ಲ. ವೃತ್ತಿಪರ ಕೀಪರ್ ಬೆಂಚಿನ ಮೇಲೆ, ಬ್ಯಾಟ್ಸ್‌ಮನ್ ಸ್ಟಂಪ್ ಹಿಂದೆ. ತಂಡದ ಲೆಕ್ಕ ಸರಿಯೇ ಇತ್ತು. ಆದರೂ ಆ ಒಂದೂವರೆ ತಿಂಗಳು ನೆಟ್ಸ್‌ನಲ್ಲಿ ಚೆಂಡು ಹಿಡಿಯುತ್ತ ಕಳೆದ ಹುಡುಗನ ಕಡೆಯಿಂದ ಈ ಕಥೆಯನ್ನು ಯಾರೂ ಹೇಳುವುದಿಲ್ಲ.

ದ್ರಾವಿಡ್ ಅವರ ಬದುಕಿನಲ್ಲಿ ಇಂಥ ತಿರುವು ಇದೊಂದೇ ಅಲ್ಲ. ಎಲ್ಲವೂ ಫಲಿಸಲೂ ಇಲ್ಲ. 2001ರ ಮಾರ್ಚ್‌ನಲ್ಲಿ ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ಫಾಲೋ ಆನ್‌ಗೆ (ಮೊದಲ ಇನಿಂಗ್ಸ್‌ನಲ್ಲಿ ತುಂಬ ಹಿಂದೆ ಬಿದ್ದು ಕೂಡಲೇ ಮತ್ತೆ ಬ್ಯಾಟ್ ಮಾಡಬೇಕಾದ ಸ್ಥಿತಿಗೆ) ಸಿಲುಕಿದಾಗ ಅವರ ಮೂರನೆಯ ಕ್ರಮಾಂಕವನ್ನು ಕಿತ್ತು ವಿ.ವಿ.ಎಸ್. ಲಕ್ಷ್ಮಣ್‌ಗೆ ಕೊಡಲಾಯಿತು. ಅದು ಹಿಂಬಡ್ತಿಯೇ. ಆರನೆಯವರಾಗಿ ಇಳಿದು 180 ರನ್ ಗಳಿಸಿದರು, ಲಕ್ಷ್ಮಣ್ 281, ಇಬ್ಬರ ನಡುವೆ 376. ಆ ಪಂದ್ಯದ ಬಗ್ಗೆ ಬರೆದದ್ದು ಸಾಕಷ್ಟಾಗಿದೆ, ಮತ್ತೆ ಬೆಳೆಸುವುದಿಲ್ಲ. 2006ರ ಜನವರಿಯಲ್ಲಿ ಲಾಹೋರ್‌ನಲ್ಲಿ, ನಾಯಕನಾಗಿ, ಉಳಿದವರಿಗೆ ಜಾಗ ಹೊಂದಿಸಲು ತಾವೇ ಆರಂಭಿಕನಾಗಿ ಇಳಿದು ಸೆಹ್ವಾಗ್ ಜೊತೆ ಮೊದಲ ವಿಕೆಟ್‌ಗೆ 410 ರನ್ ಸೇರಿಸಿದರು. ಅದೇ ಮದ್ದನ್ನು 2007ರ ಡಿಸೆಂಬರ್‌ನಲ್ಲಿ ಮೆಲ್ಬರ್ನ್‌ನಲ್ಲಿ ಮತ್ತೆ ಕುಡಿಸಲಾಯಿತು. ಯುವರಾಜ್‌ಗೆ ಮಧ್ಯಮ ಕ್ರಮಾಂಕದಲ್ಲಿ ಜಾಗ ಬೇಕಿತ್ತು, ದ್ರಾವಿಡ್ ಆರಂಭಿಕರಾದರು. ಮೊದಲ ಇನಿಂಗ್ಸ್‌ನಲ್ಲಿ 66 ಎಸೆತಗಳಿಗೆ 5 ರನ್. ನೋಡುವವರಿಗೇ ಉಸಿರು ಕಟ್ಟಿತು. ಸಿಡ್ನಿಯ ಮುಂದಿನ ಟೆಸ್ಟ್‌ನಲ್ಲೂ ಆರಂಭಿಕರಾಗಿ ಆಡಿದ ಅವರು ಪರ್ತ್‌ನ ಟೆಸ್ಟ್‌ಗೆ ಮೂರನೆಯ ಕ್ರಮಾಂಕಕ್ಕೆ ಮರಳಿದರು.

ಲಾಹೋರ್‌ಗೂ ಮೆಲ್ಬರ್ನ್‌ಗೂ ವ್ಯತ್ಯಾಸವೇನು? ಪಿಚ್, ಬೌಲಿಂಗ್, ಫಾರ್ಮ್ ಇವೆಲ್ಲ ಇದ್ದೇ ಇವೆ. ಆದರೆ ಇನ್ನೊಂದೂ ಇದೆ. ಕೀಪಿಂಗ್ ಒಪ್ಪಿಕೊಂಡಾಗ ಬದಲಾದದ್ದು ಅವರ ಅಂಚಿನ ಕೆಲಸ. ಟೆಸ್ಟ್ ಬ್ಯಾಟಿಂಗ್ ಎಂಬ ತಿರುಳು ಹಾಗೆಯೇ ಉಳಿಯಿತು. ಮೆಲ್ಬರ್ನ್‌ನಲ್ಲಿ ಕೈ ಹಾಕಿದ್ದು ತಿರುಳಿಗೇ, ಅದೂ ನಾಯಕತ್ವ ಬಿಟ್ಟು ಏಕದಿನ ತಂಡದಿಂದಲೂ ಹೊರಬಿದ್ದು ಮನಸ್ಸು ಕದಡಿದ್ದ ಹೊತ್ತಿನಲ್ಲಿ. ಒಬ್ಬ ಮನುಷ್ಯ ಎಲ್ಲ ಬದಲಾವಣೆಗಳನ್ನೂ ಒಂದೇ ಹದದಲ್ಲಿ ಸ್ವೀಕರಿಸಬಲ್ಲ ಎಂಬ ನಂಬಿಕೆಗೆ ಆ 66 ಎಸೆತಗಳೇ ಉತ್ತರ. ಹಾಗೆಂದು ಸೂತ್ರ ಕಟ್ಟಲು ಹೊರಟರೆ 2011ರ ಇಂಗ್ಲೆಂಡ್ ಪ್ರವಾಸ ಅಡ್ಡ ಬರುತ್ತದೆ. ಭಾರತ ನಾಲ್ಕೂ ಟೆಸ್ಟ್ ಸೋತಿತು. 38 ವರ್ಷದ ದ್ರಾವಿಡ್ ಮೂರು ಶತಕ ಸಹಿತ 461 ರನ್ ಗಳಿಸಿದರು (1999ರ ವಿಶ್ವಕಪ್‌ನ ಮೊತ್ತವೂ ಇಷ್ಟೇ ಎಂಬುದು ತಮಾಷೆಯ ಕಾಕತಾಳೀಯ). ಮೂರರಲ್ಲಿ ಎರಡು ಶತಕ ಬಂದದ್ದು ಗಾಯಾಳುಗಳ ಬದಲಿಗೆ ಆರಂಭಿಕನಾಗಿ ಇಳಿದಾಗ. ಓವಲ್‌ನಲ್ಲಿ ತಂಡದ 300 ರನ್‌ಗಳಲ್ಲಿ ಅಜೇಯ 146 ಗಳಿಸಿ ಕೊನೆಯವರೆಗೂ ಉಳಿದರು. ತಂಡಕ್ಕೆ ಫಾಲೋ ಆನ್ ಹೇರಿದ್ದರಿಂದ, ಹತ್ತು ನಿಮಿಷದ ಬಿಡುವಿನಲ್ಲಿ ಅದೇ ಪ್ಯಾಡ್‌ನಲ್ಲಿ ಮತ್ತೆ ಆರಂಭಿಕನಾಗಿ ಅಂಗಳಕ್ಕಿಳಿದರು.

ಕೀಪಿಂಗ್ ಮುಗಿದ ರೀತಿಯಲ್ಲಿ ನಾಟಕವೇ ಇರಲಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ಲಾರ್ಡ್ಸ್‌ನಲ್ಲಿ ದಿನೇಶ್ ಕಾರ್ತಿಕ್ ಬಂದರು. ಡಿಸೆಂಬರ್ 23ರಂದು ಚಿತ್ತಗಾಂಗ್‌ನಲ್ಲಿ ಬಾಂಗ್ಲಾದೇಶದ ವಿರುದ್ಧ ಉದ್ದ ಕೂದಲಿನ ಒಬ್ಬ ಹುಡುಗ ಏಳನೆಯವನಾಗಿ ಬಂದು ಸೊನ್ನೆಗೆ ರನೌಟ್ ಆದ. ನಾಲ್ಕು ತಿಂಗಳೊಳಗೆ ವಿಶಾಖಪಟ್ಟಣದಲ್ಲಿ ಪಾಕಿಸ್ತಾನದ ವಿರುದ್ಧ ಮಹೇಂದ್ರ ಸಿಂಗ್ ಧೋನಿ 148 ರನ್ ಚಚ್ಚಿದ ಮೇಲೆ, ಏಳು ಬ್ಯಾಟ್ಸ್‌ಮನ್‌ಗಳಿಗಾಗಿ ಇನ್ನೊಬ್ಬರು ಗ್ಲೌಸ್ ತೊಡುವ ಅಗತ್ಯವೇ ಉಳಿಯಲಿಲ್ಲ. ದ್ರಾವಿಡ್ ‘ಇದು ನನ್ನ ಜಾಗ’ ಎಂದು ಅಂಟಿಕೊಳ್ಳಲಿಲ್ಲ. ಅಂಟಿಕೊಳ್ಳುವಷ್ಟು ಪ್ರೀತಿ ಆ ಕೆಲಸದ ಮೇಲೆ ಹುಟ್ಟಿದ ಕುರುಹೂ ಇಲ್ಲ. ಬ್ಯಾಟ್ಸ್‌ಮನ್ ಆಗಿಯೇ ಏಕದಿನದಲ್ಲಿ ಮುಂದುವರಿದರು, 2005ರಲ್ಲಿ ನಾಯಕರಾದರು.

ಹದಿನೈದು ವರ್ಷಗಳ ಬಳಿಕ ಇದೇ ಕಡತ ಮತ್ತೆ ತೆರೆದುಕೊಂಡಿತು. 2020ರ ಜನವರಿ 14ರಂದು ಮುಂಬೈನಲ್ಲಿ ಆಸ್ಟ್ರೇಲಿಯಾ ವಿರುದ್ಧ ರಿಷಭ್ ಪಂತ್ ಹೆಲ್ಮೆಟ್‌ಗೆ ಚೆಂಡು ಬಡಿದಾಗ ಗ್ಲೌಸ್ ತೊಟ್ಟವರು ಕೆ.ಎಲ್. ರಾಹುಲ್. ಸುರತ್ಕಲ್‌ನಲ್ಲಿ ಬೆಳೆದ, ಟೆಸ್ಟ್‌ನಲ್ಲಿ ಆರಂಭಿಕ ಬ್ಯಾಟ್ಸ್‌ಮನ್ ಎಂದು ಹೆಸರಾದ, ಏಕದಿನದಲ್ಲಿ ಜಾಗಕ್ಕಾಗಿ ತಡಕಾಡುತ್ತಿದ್ದ ಮತ್ತೊಬ್ಬ ಕರ್ನಾಟಕದ ಆಟಗಾರ. ಅವರೂ ಐದನೆಯ ಕ್ರಮಾಂಕಕ್ಕೆ ಇಳಿದರು, ಸ್ಟಂಪ್ ಹಿಂದೆ ನಿಂತರು. 2023ರ ವಿಶ್ವಕಪ್‌ನ ಮೊದಲ ಪಂದ್ಯದಲ್ಲಿ, ಚೆನ್ನೈನ ಸೆಕೆಯಲ್ಲಿ, ಆಸ್ಟ್ರೇಲಿಯಾದ ಇನಿಂಗ್ಸ್ ಮುಗಿಯುವವರೆಗೂ ಕೀಪಿಂಗ್ ಮಾಡಿ ಬಂದು ಸ್ನಾನ ಮುಗಿಸಿದ್ದರಷ್ಟೆ. ಅರ್ಧ ಗಂಟೆಯಾದರೂ ಕಾಲು ಚಾಚುವ ಯೋಚನೆಯಲ್ಲಿದ್ದರಂತೆ. ಎರಡು ರನ್ನಿಗೆ ಮೂರು ವಿಕೆಟ್ ಬಿದ್ದೇಬಿಟ್ಟವು. ಅಜೇಯ 97 ಗಳಿಸಿ ಗೆಲ್ಲಿಸಿದರು. ಟೂರ್ನಿ ಮುಗಿದಾಗ ಅವರ ಖಾತೆಯಲ್ಲಿ 452 ರನ್, 17 ಬಲಿ. ಒಂದು ವಿಶ್ವಕಪ್‌ನಲ್ಲಿ ಭಾರತದ ಕೀಪರ್ ಒಬ್ಬರ ಹೆಸರಿನಲ್ಲಿದ್ದ 16ರ ದಾಖಲೆ ಮುರಿಯಿತು. ಆ 16 ದ್ರಾವಿಡ್‌ರದ್ದು. 2023ರಲ್ಲಿ ಭಾರತದ ಮುಖ್ಯ ಕೋಚ್ ಆಗಿದ್ದವರೂ ದ್ರಾವಿಡ್.

ಅದೇ ಡಿಸೆಂಬರ್‌ನಲ್ಲಿ ಸೆಂಚುರಿಯನ್ ಟೆಸ್ಟ್‌ನಲ್ಲೂ ರಾಹುಲ್ ಕೀಪರ್ ಆಗಿ ಆಡಿ 101 ರನ್ ಗಳಿಸಿದರು. ಹಾಗಾಗಿ ತವರಿನಲ್ಲಿ ಇಂಗ್ಲೆಂಡ್ ವಿರುದ್ಧದ ಐದು ಟೆಸ್ಟ್‌ಗಳಿಗೂ ಅದೇ ಏರ್ಪಾಟು ಮುಂದುವರಿಯಬಹುದೆಂಬ ಮಾತು ಕೇಳಿಬಂತು. 2024ರ ಜನವರಿಯಲ್ಲಿ ಹೈದರಾಬಾದ್‌ನಲ್ಲಿ, ಮೊದಲ ಟೆಸ್ಟ್‌ಗೆ ಮುನ್ನ, ಕೋಚ್ ದ್ರಾವಿಡ್ ಆ ಮಾತಿಗೆ ತೆರೆ ಎಳೆದರು: ಈ ಸರಣಿಯಲ್ಲಿ ರಾಹುಲ್ ಕೀಪಿಂಗ್ ಮಾಡುವುದಿಲ್ಲ. ಐದು ಟೆಸ್ಟ್‌ಗಳ ಉದ್ದ, ಇಲ್ಲಿನ ಪಿಚ್‌ಗಳ ಸ್ವಭಾವ ಎಂದು ಕಾರಣವನ್ನೂ ಹೇಳಿದರು. ಕೀಪರ್ ಜಾಗ ವೃತ್ತಿಪರ ಕೀಪರ್‌ಗಳಿಗೇ ಹೋಯಿತು. ಮೊದಲೆರಡು ಟೆಸ್ಟ್‌ಗಳಲ್ಲಿ ಕೆ.ಎಸ್. ಭರತ್ ಆಡಿದರು. ಮೂರನೆಯದರಲ್ಲಿ ಧ್ರುವ್ ಜುರೆಲ್ ಪದಾರ್ಪಣೆ ಮಾಡಿದರು. ರಾಂಚಿಯ ನಾಲ್ಕನೆಯ ಟೆಸ್ಟ್‌ನಲ್ಲಿ 90 ಮತ್ತು ಅಜೇಯ 39 ಗಳಿಸಿ ಪಂದ್ಯಶ್ರೇಷ್ಠರಾದರು.